ಶಾಲೆ ದಾಖಲೆಯಲ್ಲಿ ಹೆಸರು ತಿದ್ದಿಸಿಕೊಂಡ ರಾಮನಗರದ ಹುಡುಗ

ಬಣ್ಣದ ತುತ್ತೂರಿ ಪದ್ಯ ಬಾಯಿಪಾಠ ಮಾಡದೆ ಶಾಲೆ ದಾಟಿದವರು ನಮ್ಮಲ್ಲಿ ಕಮ್ಮಿ. ಅದನ್ನು ಬರೆದ ಜಿ.ಪಿ. ರಾಜರತ್ನಂ ಹುಟ್ಟಿದ್ದು ರಾಮನಗರದಲ್ಲಿ. ಆದರೆ ಮನೆಯವರು ಇಟ್ಟ ಹೆಸರು ರಾಜಯ್ಯಂಗಾರ್.

ಲೋಯರ್ ಸೆಕೆಂಡರಿ ಶಾಲೆಗೆ ಸೇರಿದ ಕೆಲವೇ ದಿನಕ್ಕೆ ಹುಡುಗ ಅಲ್ಲಿನ ಗುಮಾಸ್ತರ ನೆರವಿನಿಂದ ದಾಖಲೆಯಲ್ಲೇ ಹೆಸರು ತಿದ್ದಿಸಿಕೊಂಡ. ಜಾತಿ ಹೇಳೋ 'ಅಯ್ಯಂಗಾರ್' ಹೋಯ್ತು, 'ರತ್ನ' ಬಂತು. ಈಗಿನ ಹಾಗೆ ಅಫಿಡವಿಟ್ಟು, ಪೇಪರ್ ಜಾಹೀರಾತು, ಆಧಾರ್ ತಿದ್ದುಪಡಿ ಅಂತ ಅಲೆದಾಟ ಇರಲಿಲ್ಲ.

ಮುಂದೆ 'ರತ್ನನ ಪದಗಳು' ಬರೆದಾಗ ಹೆಂಡ ಕುಡಿಯೋ ಬಡವನಿಗೆ ಕೊಟ್ಟಿದ್ದೂ ಅದೇ ಹೆಸರನ್ನು. ಆ ಪದಗಳು ಮನೆಮನೆಗೂ ಮುಟ್ಟಿದವು. ಬೆಂಗಳೂರಿನ ಸೆಂಟ್ರಲ್ ಕಾಲೇಜಲ್ಲಿ ಕನ್ನಡ ಮೇಷ್ಟ್ರಾಗಿದ್ದಾಗ ಕರ್ನಾಟಕ ಸಂಘದ ಮೂಲಕ ಎಷ್ಟೋ ಹುಡುಗರನ್ನು ಬರವಣಿಗೆಗೆ ಹಚ್ಚಿದರು. 1978ರಲ್ಲಿ ದೆಹಲಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1979ರಲ್ಲಿ ತೀರಿಕೊಂಡರು.

ಇವತ್ತು ರಾಜಯ್ಯಂಗಾರ್ ಅಂದರೆ ಹೆಚ್ಚಿನವರಿಗೆ ಗೊತ್ತಾಗಲ್ಲ. ರತ್ನ ಅಂದರೆ ಸಾಕು. ಅಂದು ಆ ಗುಮಾಸ್ತರು, ಆಗಲ್ಲ ಹೋಗಪ್ಪ, ಅಂದುಬಿಟ್ಟಿದ್ದರೆ ಕನ್ನಡಕ್ಕೆ ರತ್ನನ ಹೆಸರೇ ಸಿಗ್ತಿರಲಿಲ್ಲವೇನೋ.