ಮುಂದೆ ಓಡಿದವನು

ದೂರದ ಓಟದಲ್ಲಿ ಒಂದು ಹಳೆಯ ಲೆಕ್ಕ ಇದೆ. ಮುಂದೆ ಓಡೋನು ಗಾಳಿಯನ್ನು ತಾನೇ ಸೀಳಬೇಕು, ವೇಗವನ್ನೂ ತಾನೇ ಕಾಯ್ದುಕೊಳ್ಳಬೇಕು. ಅವನ ಬೆನ್ನಿಗೆ ಅಂಟಿಕೊಂಡವನಿಗೆ ಶ್ರಮ ಕಡಿಮೆ. ಕೊನೇ ಸುತ್ತಿನಲ್ಲಿ ದಾಟಿಬಿಟ್ಟರೆ ಆಯ್ತು. ಸ್ಟೀವ್ ಪ್ರೀಫಾಂಟೇನ್‌ಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಆದ್ರೆ ಒಪ್ಪಿಗೆ ಇರಲಿಲ್ಲ.

ಅವನು ಹುಟ್ಟಿದ್ದು 1951ರ ಜನವರಿ 25ರಂದು, ಅಮೆರಿಕದ ಆರೆಗನ್ ರಾಜ್ಯದ ಕೂಸ್ ಬೇ ಎಂಬ ಕರಾವಳಿ ಊರಿನಲ್ಲಿ. ಮರದ ಕೆಲಸ, ಬಂದರಿನ ಕೆಲಸ ಮಾಡೋರ ಊರು ಅದು. ಅಪ್ಪ ಬಡಗಿ, ಅಮ್ಮ ಬಟ್ಟೆ ಹೊಲಿಯುತ್ತಿದ್ದರು. ಶಾಲೆಯ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ತಂಡಗಳಲ್ಲಿ ಈ ಸಣ್ಣ ಹುಡುಗನಿಗೆ ಬೆಂಚೇ ಗತಿ. ಕೊನೆಗೆ ಓಟ ಕೈ ಹಿಡಿಯಿತು. 1969ರಲ್ಲಿ ಎರಡು ಮೈಲಿಯನ್ನು 8 ನಿಮಿಷ 41.5 ಸೆಕೆಂಡಿನಲ್ಲಿ ಓಡಿ ಅಮೆರಿಕದ ಹೈಸ್ಕೂಲ್ ದಾಖಲೆ ಬರೆದ.

ಅದೇ ವರ್ಷ ಯೂಜೀನ್ ನಗರದ ಆರೆಗನ್ ವಿಶ್ವವಿದ್ಯಾಲಯ ಸೇರಿದ. ಅಲ್ಲಿನ ಕೋಚ್ ಬಿಲ್ ಬೋವರ್‌ಮನ್. ಮುಂದೆ ನೈಕಿ ಆಗಿ ಬೆಳೆದ ಕಂಪನಿಯ ಇಬ್ಬರು ಸ್ಥಾಪಕರಲ್ಲಿ ಒಬ್ಬರು ಇವರೇ. ಓದು ಮುಗಿಸೋ ಹೊತ್ತಿಗೆ ಪ್ರೀ (ಎಲ್ಲರೂ ಕರೀತಿದ್ದದ್ದು ಹಾಗೇ) ಮೂರು ಮೈಲಿ ಅಥವಾ 5000 ಮೀಟರ್ ಓಟದಲ್ಲಿ ಸತತ ನಾಲ್ಕು ವರ್ಷ ರಾಷ್ಟ್ರೀಯ ಕಾಲೇಜು ಚಾಂಪಿಯನ್ ಆಗಿದ್ದ. ಕ್ರಾಸ್ ಕಂಟ್ರಿಯಲ್ಲಿ ಮೂರು ಬಾರಿ. ಹೇವರ್ಡ್ ಫೀಲ್ಡ್‌ನಲ್ಲಿ ಅವನು ಓಡ್ತಾನೆ ಅಂದ್ರೆ ಗ್ಯಾಲರಿ ತುಂಬ್ತಿತ್ತು. ಗೆಲ್ಲೋದು ಹೆಚ್ಚುಕಡಿಮೆ ಗ್ಯಾರಂಟಿ. ಎಷ್ಟು ಜೋರಾಗಿ ಗೆಲ್ತಾನೆ ಅನ್ನೋದೇ ಕುತೂಹಲ.

1972ರ ಮ್ಯೂನಿಕ್ ಒಲಿಂಪಿಕ್ಸ್, 5000 ಮೀಟರ್ ಫೈನಲ್. ಅವನಿಗೆ 21 ವರ್ಷ. ಓಟ ನಿಧಾನವಾಗಿ ಶುರುವಾಯ್ತು. ಕೊನೇ ಮೈಲಿಯಲ್ಲಿ ಪ್ರೀ ಮುಂದೆ ನುಗ್ಗಿ ವೇಗ ಏರಿಸಿದ. ಕೊನೇ ಸುತ್ತಿನಲ್ಲಿ ಫಿನ್‌ಲೆಂಡಿನ ಲಾಸೆ ವಿರೆನ್, ಟ್ಯುನೀಶಿಯಾದ ಗಮ್ಮೂದಿ ದಾಟಿಹೋದರು. ಹಿಂದೆ ಉಳಿದು ಮೂರನೇ ಸ್ಥಾನ ಕಾಪಾಡಿಕೊಳ್ಳಬಹುದಿತ್ತು. ಅವನು ಮತ್ತೆ ಮತ್ತೆ ಚಿನ್ನಕ್ಕೇ ಕೈ ಚಾಚಿದ, ಕಾಲು ಸೋತವು. ಗೆರೆಗೆ ಕೆಲವೇ ಹೆಜ್ಜೆ ಇರುವಾಗ ಬ್ರಿಟನ್ನಿನ ಇಯಾನ್ ಸ್ಟೀವರ್ಟ್ ಕಂಚನ್ನೂ ಕಿತ್ತುಕೊಂಡ. ಪ್ರೀ ನಾಲ್ಕನೆಯವನಾದ.

ಕಾಲೇಜು ಮುಗಿದ ಮೇಲೆ ಇನ್ನೊಂದು ಕಷ್ಟ. ಅಂದಿನ ಅಮೆಚೂರ್ ನಿಯಮದ ಪ್ರಕಾರ ಓಡಿ ಹಣ ಪಡೆದವನು ಒಲಿಂಪಿಕ್ಸಿಗೆ ಹೋಗೋ ಹಾಗಿಲ್ಲ. ವೃತ್ತಿಪರ ಕೂಟದವರು ಎರಡು ಲಕ್ಷ ಡಾಲರ್ ಕೊಡ್ತೀವಿ ಅಂದ್ರೂ ಬೇಡ ಅಂದ. ಟ್ರೈಲರ್ ಮನೆಯ ವಾಸ, ಬಾರ್‌ನಲ್ಲಿ ಕೆಲಸ, ಊಟಕ್ಕೆ ಸರ್ಕಾರದ ಫುಡ್ ಸ್ಟಾಂಪ್. ಕ್ರೀಡಾಪಟುಗಳನ್ನು ಹೀಗೆ ನಡೆಸಿಕೊಳ್ಳುತ್ತಿದ್ದ ಸಂಸ್ಥೆಯ ಜೊತೆ ಬಹಿರಂಗವಾಗಿಯೇ ಜಗಳಕ್ಕೆ ನಿಂತ. ಕಣ್ಣೆಲ್ಲ 1976ರ ಮಾಂಟ್ರಿಯಲ್ ಮೇಲೆ.

1975ರ ಮೇ 29ರ ಸಂಜೆ ಹೇವರ್ಡ್ ಫೀಲ್ಡ್‌ನಲ್ಲಿ 5000 ಮೀಟರ್ ಗೆದ್ದ. ಅದೇ ರಾತ್ರಿ, ಮಧ್ಯರಾತ್ರಿ ಕಳೆದ ಮೇಲೆ, ಯೂಜೀನ್‌ನ ಗುಡ್ಡದ ರಸ್ತೆಯ ತಿರುವಿನಲ್ಲಿ ಅವನ ಕಾರು ಬಂಡೆಗೆ ಬಡಿದು ಮಗುಚಿತು. ವಯಸ್ಸು 24. 2000ದಿಂದ 10,000 ಮೀಟರ್‌ವರೆಗಿನ ಅಮೆರಿಕದ ದಾಖಲೆಗಳೆಲ್ಲ ಆಗ ಅವನ ಹೆಸರಿನಲ್ಲೇ ಇದ್ದವು.

1978ರಲ್ಲಿ ಅಮೆರಿಕ ಹೊಸ ಕಾನೂನು ತಂದು ಆ ಸಂಸ್ಥೆಯ ಹಿಡಿತ ಮುರಿಯಿತು. ಅದರ ಫಲ ಉಣ್ಣೋಕೆ ಪ್ರೀ ಇರಲಿಲ್ಲ. ಆ ಬಂಡೆಯ ಹತ್ತಿರ ಈಗಲೂ ಓಟಗಾರರು ಹೋಗ್ತಾರೆ. ಹಳೇ ಶೂ, ಎದೆಗೆ ಚುಚ್ಚಿಕೊಂಡಿದ್ದ ನಂಬರು ಬಿಟ್ಟು ಬರ್ತಾರೆ. ಕೆಲವರು ತಾವು ಗೆದ್ದ ಮೆಡಲನ್ನೇ ಇಟ್ಟು ಬರ್ತಾರೆ, ಒಲಿಂಪಿಕ್ ಮೆಡಲ್ ಸಿಗದೇ ಹೋದವನಿಗೆ.