ಗಿಡದ ಗಾಯಕ್ಕೆ ಸಾಕ್ಷಿ ನುಡಿದ ಜಗದೀಶಚಂದ್ರ ಬೋಸರು

ನಾವು ಠಾಕುರ್ಲಿಯಲ್ಲಿ ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ, ಬೆಳಗಿನ ಜಾವ ಅಡಿಗೆಮನೆಯಲ್ಲಿ ಈರುಳ್ಳಿ ಹೆಚ್ಚುವ ಹುಡುಗರು ಕಣ್ಣೊರಸಿಕೊಳ್ಳುತ್ತಿದ್ದುದನ್ನು ನಿತ್ಯವೂ ಕಂಡಿದ್ದೇವೆ. ಇಡಿಯ ಈರುಳ್ಳಿಯು ಯಾರ ಕಣ್ಣಿಗೂ ತೊಂದರೆ ಕೊಡದು. ಕತ್ತಿಯ ಅಲಗು ತಗುಲಿದೊಡನೆ, ಅದರ ಜೀವಕೋಶಗಳಲ್ಲಿ ಬೇರೆ ಬೇರೆಯಾಗಿ ಅಡಗಿದ್ದ ದ್ರವ್ಯಗಳು ಒಂದುಗೂಡಿ ಕಣ್ಣುರಿಸುವ ಆವಿಯು ಹುಟ್ಟುತ್ತದೆ. ತನ್ನನ್ನು ಕಚ್ಚಬಂದವರನ್ನು ಹಿಮ್ಮೆಟ್ಟಿಸಲು ಆ ಮೂಕ ಗಡ್ಡೆಗಿರುವ ಆಯುಧವಿದು. ಗಾಯಗೊಂಡ ಸಸ್ಯವು ಸುಮ್ಮನಿರುವುದಿಲ್ಲವೆಂಬುದನ್ನು ಯಂತ್ರಗಳಿಂದ ಅಳೆದು ಲೋಕಕ್ಕೆ ತೋರಿಸಿದವರಲ್ಲಿ ನಮ್ಮ ದೇಶದವರೇ ಆದ ಸರ್ ಜಗದೀಶಚಂದ್ರ ಬೋಸರು ಅಗ್ರಗಣ್ಯರು. ಆ ಮಹನೀಯರ ಜೀವನವನ್ನು ಸಂಕ್ಷೇಪವಾಗಿ ವಾಚಕರ ಮುಂದಿಡಲು ಬಯಸುತ್ತೇವೆ.

ಬೋಸರು 1858ನೆಯ ಇಸವಿ ನವೆಂಬರ್ 30ರಂದು, ಇಂದು ಬಾಂಗ್ಲಾದೇಶಕ್ಕೆ ಸೇರಿರುವ ಮೈಮನ್‌ಸಿಂಗ್‌ನಲ್ಲಿ ಜನಿಸಿದರು. ತಂದೆ ಭಗವಾನ್‌ಚಂದ್ರರು ಸರಕಾರದ ಅಧಿಕಾರಿಗಳು. ಇಂಗ್ಲಿಷ್ ಶಾಲೆಗೆ ಮಕ್ಕಳನ್ನು ಕಳುಹಿಸುವುದೇ ಪ್ರತಿಷ್ಠೆಯೆನಿಸಿದ್ದ ಆ ದಿನಗಳಲ್ಲಿ ಅವರು ಮಗನನ್ನು ಬಂಗಾಳಿ ಶಾಲೆಗೇ ಸೇರಿಸಿದರು. ಅಲ್ಲಿ ಬೆಸ್ತರ ಹುಡುಗನೊಡನೆಯೂ ಮನೆಯ ಆಳಿನ ಮಗನೊಡನೆಯೂ ಒಂದೇ ಸಾಲಿನಲ್ಲಿ ಕುಳಿತು ಕಲಿತ ಬಾಲಕನಿಗೆ, ಹಕ್ಕಿ, ಮೀನು, ಗಿಡಗಂಟಿಗಳ ಕಥೆಗಳು ಆ ಸಂಗಾತಿಗಳಿಂದಲೇ ದೊರೆತವು. ಮುಂದೆ ಕಲ್ಕತ್ತೆಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಓದಿ, ವೈದ್ಯಶಾಸ್ತ್ರವನ್ನು ಕಲಿಯಲೆಂದು ಲಂಡನ್ನಿಗೆ ಹೋದರು. ಜ್ವರದ ಬಾಧೆಯಿಂದ ಅದನ್ನು ಬಿಟ್ಟು ಕೇಂಬ್ರಿಜ್ಜನ್ನು ಸೇರಿ, ವಿಜ್ಞಾನದ ಪದವಿಯನ್ನು ಪಡೆದು ಸ್ವದೇಶಕ್ಕೆ ಮರಳಿದರು.

1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರಿಗೆ ಅಧ್ಯಾಪಕ ಹುದ್ದೆಯು ದೊರೆಯಿತು. ಆದರೆ ಅಲ್ಲಿ ಯುರೋಪಿಯನ್ನರ ಸಂಬಳದ ಮೂರರಲ್ಲಿ ಎರಡು ಪಾಲು ಮಾತ್ರ ಭಾರತೀಯರಿಗೆ ಸಲ್ಲುತ್ತಿತ್ತು. ಹುದ್ದೆಯು ತಾತ್ಕಾಲಿಕವೆಂಬ ಕಾರಣದಿಂದ ಬೋಸರಿಗೆ ಅದರಲ್ಲಿಯೂ ಅರ್ಧವೇ ಗೊತ್ತಾಯಿತು. ಅವರು ಕೆಲಸವನ್ನು ಬಿಡಲಿಲ್ಲ, ಸಂಬಳವನ್ನು ಮುಟ್ಟಲೂ ಇಲ್ಲ. ಮೂರು ವರ್ಷಗಳ ಕಾಲ ಬಿಡಿಗಾಸನ್ನೂ ಪಡೆಯದೆ ಪಾಠ ಹೇಳಿದರು. 1887ರಲ್ಲಿ ಅಬಲಾದೇವಿಯವರನ್ನು ವಿವಾಹವಾದುದೂ ಈ ಕಷ್ಟದ ದಿನಗಳಲ್ಲಿಯೇ. ಕೊನೆಗೆ ಸರಕಾರವೇ ಮಣಿದು, ಹುದ್ದೆಯನ್ನು ಖಾಯಂಗೊಳಿಸಿ, ಮೊದಲಿನ ದಿನದಿಂದ ಪೂರ್ಣ ಸಂಬಳವನ್ನು ಒಟ್ಟಾಗಿ ಕೊಟ್ಟಿತು. ಆ ಹಣವನ್ನು ಬೋಸರು ತಂದೆಯ ಸಾಲ ತೀರಿಸಲು ಬಳಸಿದರು. ತಿಂಗಳ ಪಗಾರವನ್ನೇ ನಂಬಿ ಊರಿಗೆ ಹಣ ಕಳುಹಿಸುವ ನಮ್ಮ ವಾಚಕರಿಗೆ ಈ ಹಟದ ಬೆಲೆಯನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಇಕ್ಕಟ್ಟಾದ ಕೋಣೆಯಲ್ಲಿ, ಸ್ಥಳೀಯ ತಗಡು ಕೆಲಸದವನ ನೆರವಿನಿಂದ ಉಪಕರಣಗಳನ್ನು ಮಾಡಿಸಿಕೊಂಡು, 1894ರಿಂದ ಅವರು ವಿದ್ಯುತ್ ತರಂಗಗಳ ಸಂಶೋಧನೆಗೆ ತೊಡಗಿದರು. ತಂತಿಯಿಲ್ಲದೆ ಗೋಡೆಯಾಚೆಗೆ ಸಂಕೇತವನ್ನು ಕಳುಹಿಸಿ ಗಂಟೆ ಬಾರಿಸಿ ತೋರಿಸಿದರು. ತರಂಗಗಳನ್ನು ಗ್ರಹಿಸುವ ಲೋಹದ ಉಪಕರಣವು ಬಹಳ ಹೊತ್ತು ದುಡಿದರೆ ದಣಿದಂತಾಗಿ, ವಿಶ್ರಾಂತಿಯಿಂದ ಚೇತರಿಸಿಕೊಳ್ಳುವುದು ಅವರ ಕಣ್ಣಿಗೆ ಬಿದ್ದಿತು. ಜಡಲೋಹವೇ ಹೀಗಿದ್ದರೆ ಸಸ್ಯದ ಪಾಡೇನೆಂಬ ಪ್ರಶ್ನೆಯು ಅವರನ್ನು ಹೊಸ ದಾರಿಗೆ ತಿರುಗಿಸಿತು.

1901ರ ಮೇ 10ರಂದು ಲಂಡನ್ನಿನ ರಾಯಲ್ ಇನ್ಸ್ಟಿಟ್ಯೂಷನ್ನಿನಲ್ಲಿ ಅವರು ತಮ್ಮ ಪ್ರಯೋಗಗಳನ್ನು ಸಭಿಕರ ಮುಂದಿಟ್ಟರು. ಮುಂದಿನ ತಿಂಗಳು ರಾಯಲ್ ಸೊಸೈಟಿಯಲ್ಲಿ ವಿಘ್ನವು ಎದುರಾಯಿತು. ಕೀಟಾಹಾರಿ ಗಿಡವೊಂದರಲ್ಲಿ 1873ರಲ್ಲಿಯೇ ವಿದ್ಯುತ್ ಸಂಕೇತವನ್ನು ಕಂಡಿದ್ದ ಹಿರಿಯ ವಿಜ್ಞಾನಿ ಬರ್ಡನ್ ಸ್ಯಾಂಡರ್ಸನ್ನರು, ಸಾಮಾನ್ಯ ಗಿಡಗಳಲ್ಲಿ ಅದು ಅಸಂಭವವೆಂದು ವಾದಿಸಿ, ಬೋಸರು ಭೌತಶಾಸ್ತ್ರಕ್ಕೆ ಮರಳುವುದು ಲೇಸೆಂದು ಸೂಚಿಸಿದರು. ಬೋಸರು ತಮ್ಮ ಪ್ರಬಂಧದ ಮಾತನ್ನು ಬದಲಿಸಲೊಪ್ಪಲಿಲ್ಲ. ಪ್ರಬಂಧವು ಅಚ್ಚಾಗದೆ ಕಪಾಟು ಸೇರಿತು. ಅವರು ಧೃತಿಗೆಡದೆ 1902ರಲ್ಲಿಯೂ 1906ರಲ್ಲಿಯೂ ಗ್ರಂಥಗಳನ್ನು ಪ್ರಕಟಿಸಿ ತಮ್ಮ ಆಧಾರಗಳನ್ನು ಲೋಕದ ಮುಂದೆ ಹರಡಿದರು.

ಊರಿನ ಗದ್ದೆಯ ಬದುವಿನಲ್ಲಿ ನಾವೆಲ್ಲರೂ ಮುಟ್ಟಿ ಆಡಿದ ನಾಚಿಕೆಮುಳ್ಳೇ ಅವರ ಮುಖ್ಯ ಸಾಕ್ಷಿ. ಒಂದು ಎಲೆಯನ್ನು ಗಾಯಗೊಳಿಸಿದರೆ ದೂರದ ಎಲೆಗಳೂ ಮಡಚಿಕೊಳ್ಳುತ್ತವೆ. ಈ ಸುದ್ದಿಯು ಹೋಗುವ ಬಗೆ ಯಾವುದು? ಠಾಕುರ್ಲಿಯಲ್ಲಿ ಹಿಂದೆ ರೈಲ್ವೆಯ ವಿದ್ಯುದಾಗಾರವಿದ್ದುದನ್ನು ಹಿರಿಯ ವಾಚಕರು ಬಲ್ಲರು. ಅಲ್ಲಿ ಹುಟ್ಟಿದ ವಿದ್ಯುತ್ತು ತಂತಿಯ ಮೂಲಕ ಸಾಗಿ ದೂರದ ರೈಲುಗಳನ್ನು ಓಡಿಸುತ್ತಿತ್ತು. ಗಿಡದಲ್ಲಿಯೂ ಅಂತಹ ವಿದ್ಯುತ್ತಿನ ದಾರಿಯಿದೆಯೆಂದು ಬೋಸರು ಸಾಧಿಸಿದರು. ಇಟಲಿಯ ರಿಕ್ಕಾ ಎಂಬವರು 1916ರಲ್ಲಿ ಬೇರೆಯ ಉತ್ತರವನ್ನು ಕೊಟ್ಟರು. ಅವರು ಕಾಂಡವನ್ನು ಕತ್ತರಿಸಿ ನಡುವೆ ನೀರಿನ ಕೊಳವೆಯನ್ನಿಟ್ಟರೂ ಸುದ್ದಿಯು ದಾಟಿತು; ಆದುದರಿಂದ ಅದನ್ನು ಒಯ್ಯುವುದು ರಸದಲ್ಲಿ ಹರಿಯುವ ರಾಸಾಯನಿಕ ದ್ರವ್ಯವೆಂದು ಅವರ ವಾದ. ಬೋಸರು ಇದನ್ನು ಒಪ್ಪಲಿಲ್ಲ.

ಇಬ್ಬರಲ್ಲಿಯೂ ಸತ್ಯಾಂಶವಿತ್ತೆಂಬುದು ಈಗ ತಿಳಿದಿದೆ. ಹುಳವು ಟೊಮೇಟೊ ಗಿಡದ ಒಂದು ಎಲೆಯನ್ನು ತಿಂದರೆ, ಉಳಿದ ಎಲೆಗಳೂ ಹುಳದ ಜೀರ್ಣಶಕ್ತಿಯನ್ನು ಕುಂದಿಸುವ ದ್ರವ್ಯವನ್ನು ತಯಾರಿಸುವುದನ್ನು 1972ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದರು. ಈ ಎಚ್ಚರಿಕೆಯಲ್ಲಿ ಮುಖ್ಯವಾದುದು ಜಾಸ್ಮೋನೇಟ್ ಎಂಬ ದ್ರವ್ಯ. ಜಾಜಿ ಹೂವಿನ ಪರಿಮಳದ ಎಣ್ಣೆಯಲ್ಲಿ 1962ರಲ್ಲಿ ಅದರ ಒಂದು ಬಗೆಯನ್ನು ಗುರುತಿಸಿದುದರಿಂದ ಆ ಹೆಸರು. ಅದು ಗಾಳಿಯಲ್ಲಿ ತೇಲಿ ನೆರೆಯ ಗಿಡವನ್ನೂ ಎಚ್ಚರಿಸಬಲ್ಲದೆಂದು 1990ರಲ್ಲಿ ತಿಳಿದುಬಂದಿತು. ಗಾಯದಿಂದ ಹೊರಡುವ ವಿದ್ಯುತ್ ಸಂಕೇತವೇ ದೂರದ ಎಲೆಯಲ್ಲಿ ಜಾಸ್ಮೋನೇಟನ್ನು ಹುಟ್ಟಿಸುತ್ತದೆಂದು 2013ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನಡೆದ ಸಂಶೋಧನೆಯು ತೋರಿಸಿತು. 2018ರಲ್ಲಿ ಮತ್ತೊಂದು ಸಂಗತಿಯು ಹೊರಬಿದ್ದಿತು: ಗಾಯದಿಂದ ಸೋರುವ ಗ್ಲುಟಮೇಟ್ ಎಂಬ ದ್ರವ್ಯವು ಕ್ಯಾಲ್ಸಿಯಮ್ಮಿನ ಅಲೆಯನ್ನೆಬ್ಬಿಸುತ್ತದೆ, ಆ ಅಲೆಯು ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರಿನಂತೆ ಸಾಗಿ ಬೇರೆ ಎಲೆಗಳನ್ನು ಮುಟ್ಟುತ್ತದೆ. ಹೋಟೆಲಿನ ಬಂಧುಗಳು ಅಜಿನೊಮೊಟೊ ಎಂದು ಬಲ್ಲ ಪುಡಿಯು ಈ ಗ್ಲುಟಮೇಟಿನದೇ ಉಪ್ಪು.

ಗಿಡಕ್ಕೆ ನರಮಂಡಲವಿದೆಯೆಂದು ಬೋಸರು ಹೇಳಿದುದನ್ನು ಇಂದಿನ ವಿಜ್ಞಾನವು ಅಕ್ಷರಶಃ ಒಪ್ಪುವುದಿಲ್ಲ. ಗಿಡಕ್ಕೆ ಮಿದುಳಿಲ್ಲ, ನಮ್ಮಂತಹ ನರಗಳಿಲ್ಲ. ಅದು ನೋವನ್ನು ಅನುಭವಿಸುತ್ತದೆಂಬುದಕ್ಕೆ ಪ್ರಮಾಣವಿಲ್ಲ. ಆದರೆ ಗಾಯದ ಸುದ್ದಿಯು ಸಾಮಾನ್ಯ ಸಸ್ಯದಲ್ಲಿಯೂ ವಿದ್ಯುತ್ತಿನ ರೂಪದಲ್ಲಿ ಸಂಚರಿಸುತ್ತದೆಂಬ ಅವರ ಮೂಲ ವಾದವು ನಿಂತಿದೆ.

1917ರಲ್ಲಿ ತಮ್ಮ ಹುಟ್ಟಿದ ದಿನದಂದೇ ಅವರು ಕಲ್ಕತ್ತೆಯಲ್ಲಿ ಬೋಸ್ ಸಂಶೋಧನ ಮಂದಿರವನ್ನು ಸ್ಥಾಪಿಸಿದರು. ಹಿಂದೆ ಪ್ರಬಂಧವನ್ನು ಕಪಾಟಿಗಿಟ್ಟ ರಾಯಲ್ ಸೊಸೈಟಿಯೇ 1920ರಲ್ಲಿ ಅವರನ್ನು ಸದಸ್ಯರನ್ನಾಗಿ ಬರಮಾಡಿಕೊಂಡಿತು. ಅದೇ ವರ್ಷ ಅವರ ಜೀವನಚರಿತ್ರೆಯನ್ನು ಪ್ರಕಟಿಸಿದ ಪ್ಯಾಟ್ರಿಕ್ ಗೆಡ್ಡಿಸ್ಸರು ಆಗ ನಮ್ಮ ಮುಂಬಯಿ ವಿಶ್ವವಿದ್ಯಾಲಯದಲ್ಲಿಯೇ ಪ್ರಾಧ್ಯಾಪಕರಾಗಿದ್ದರು. 1937ರ ನವೆಂಬರ್ 23ರಂದು ಗಿರಿಡಿಯಲ್ಲಿ ಬೋಸರು ಅಸ್ತಂಗತರಾದರು.

ಸಂಬಳದಲ್ಲಿ ಅನ್ಯಾಯವಾದಾಗ ಅವರು ತರಗತಿಯನ್ನು ತೊರೆಯದೆ ನ್ಯಾಯವನ್ನು ಪಡೆದರು. ಪ್ರಬಂಧವು ನಿಂತಾಗ ಪ್ರಯೋಗವನ್ನು ನಿಲ್ಲಿಸದೆ ಮನ್ನಣೆಯನ್ನು ಪಡೆದರು. ಪರವೂರಿನಲ್ಲಿ ದುಡಿಯುವ ನಮ್ಮವರಲ್ಲಿ ಗಾಯವನ್ನು ನುಂಗಿಕೊಂಡು ಮೌನವಾಗಿರುವವರು ಅನೇಕರಿದ್ದಾರೆ. ಎಲೆಯೊಂದು ಹರಿದರೆ ಗಿಡವು ತನ್ನ ಉಳಿದ ಎಲೆಗಳಿಗೆ ಸುದ್ದಿಯನ್ನು ಮುಟ್ಟಿಸುತ್ತದೆ. ನಮ್ಮ ಬಂಧುಗಳೂ ತಮಗಾದ ಅನ್ಯಾಯವನ್ನು ಜೊತೆಯವರಿಗೆ ತಿಳಿಸುವುದನ್ನು ಕಲಿಯಲೆಂದು ಹಾರೈಸುತ್ತೇವೆ.