ಬಯಲುಸೀಮೆಯನ್ನು ಅಳೆದ ಕರ್ನಲ್ ಮೆಕೆಂಜಿ

ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿ ಕನ್ನಡನಾಡಿನ ಅನೇಕ ಊರುಗಳ ಕೈಫಿಯತ್ತುಗಳಿವೆ. ಇಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡಿಗರಲ್ಲಿಯೂ ಇದನ್ನು ಬಲ್ಲವರು ವಿರಳ. ಅವುಗಳನ್ನು ಬರೆಯಿಸಿ ಕೂಡಿಟ್ಟವನು ಭೂಮಾಪಕ ಕಾಲಿನ್ ಮೆಕೆಂಜಿ.

ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ 1754ರ ಸುಮಾರಿಗೆ ಜನಿಸಿದ ಈತನು 1783ರಲ್ಲಿ ಮದರಾಸಿಗೆ ಬಂದು ಕಂಪನಿಯ ಸೇನೆಯಲ್ಲಿ ಇಂಜಿನಿಯರನಾದನು. 1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡ ಬಳಿಕ ಮೈಸೂರು ಸೀಮೆಯ ಮೋಜಣಿಯು ಈತನ ಪಾಲಿಗೆ ಬಂದಿತು. ಗೆದ್ದವರಿಗೆ ನಕ್ಷೆ ಬೇಕಾಗಿತ್ತು. ಆ ಕಾರ್ಯದ ಮೂಲೋದ್ದೇಶ ಅಷ್ಟೇ ಎಂಬುದನ್ನು ಮರೆಯಲಾಗದು.

ಅಳೆಯಬೇಕಾದ ನೆಲ ಸುಮಾರು 40,000 ಚದರ ಮೈಲಿ. ಚಿತ್ರದುರ್ಗದ ಕಡೆಯ ಬಯಲು, ಕುರುಚಲು ಗುಡ್ಡಗಳು, ಗೊಲ್ಲರ ಹಟ್ಟಿಗಳು, ಕುರುಬರ ಮಂದೆಗಳು, ಅಮೃತಮಹಲ್ ದನಗಳು ಮೇಯುತ್ತಿದ್ದ ಕಾವಲುಗಳು. ಬೆಟ್ಟದ ನೆತ್ತಿಯಲ್ಲಿ ಬಾವುಟ ನೆಟ್ಟು, ಶಿಖರದಿಂದ ಶಿಖರಕ್ಕೆ ಕೋನವನ್ನಳೆದು ತ್ರಿಕೋನಗಳ ಬಲೆಯನ್ನು ಹೆಣೆಯಲಾಯಿತು. ಆ ಬಲೆಯೊಳಗೆ ಕೆರೆ, ಹಳ್ಳ, ದಾರಿ, ಊರುಗಳನ್ನು ತುಂಬಲಾಯಿತು. ಮದರಾಸಿನ ವೀಕ್ಷಣಾಲಯದ ಮೋಜಣಿ ಶಾಲೆಯಲ್ಲಿ ಕಲಿತ ಹುಡುಗರೇ ಸಹಾಯಕರು. ಜ್ವರದ ಕಾಟ ಒಂದು ಕಡೆ. ಲಂಡನ್ನಿನ ನಿರ್ದೇಶಕರ ಖರ್ಚು ಕಡಿತ ಇನ್ನೊಂದು ಕಡೆ. ಆದರೂ 1810ರ ವೇಳೆಗೆ ಕೆಲಸ ಮುಗಿಯಿತು.

ಗಡಿ ಗುರುತಿಸಿದರೆ ಸಾಲದು, ಊರಿನ ಹಿಂದಿನ ಕಥೆಯೂ ತಿಳಿಯಬೇಕೆಂಬುದು ಮೆಕೆಂಜಿಯ ಹಂಬಲ. ಆದರೆ ಆತನಿಗೆ ಕನ್ನಡವಾಗಲಿ ತೆಲುಗಾಗಲಿ ಬಾರದು! ಕಾವಲಿ ವೆಂಕಟ ಬೋರಯ್ಯ, ತಮ್ಮ ಲಕ್ಷ್ಮಯ್ಯ, ಹಳಗನ್ನಡ ಶಾಸನಗಳನ್ನು ಓದಬಲ್ಲ ಜೈನ ಪಂಡಿತ ಧರ್ಮಯ್ಯ ಇವರೇ ಆತನ ಕಣ್ಣು, ಕಿವಿ. ಶಾನುಭೋಗರನ್ನೂ ಅರ್ಚಕರನ್ನೂ ಹಿರಿಯರನ್ನೂ ಕೇಳಿ, ಪಾಳೆಯಗಾರರ ವಂಶಾವಳಿ, ದೇವಸ್ಥಾನದ ಮಾನ್ಯ, ಕೆರೆ ಕಟ್ಟಿಸಿದವರ ಹೆಸರುಗಳನ್ನು ಬರೆದುಕೊಂಡವರು ಇವರ ಬಳಗದವರು. ಬೋರಯ್ಯನು 1803ರಲ್ಲಿ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ನಕ್ಷೆಯ ಕೀರ್ತಿ ಸಾಹೇಬನದಾಯಿತು. ಈ ವಿದ್ವಾಂಸರನ್ನು ನೆನೆಯುವವರು ಇಂದಿಗೂ ಕಡಿಮೆ.

1815ರಲ್ಲಿ ಮೆಕೆಂಜಿಯು ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದನು. ಸಂಗ್ರಹದ ಖರ್ಚನ್ನು ಬಹುಮಟ್ಟಿಗೆ ತನ್ನ ಜೇಬಿನಿಂದಲೇ ಭರಿಸಿದ್ದನು. ಅದನ್ನು ವಿಂಗಡಿಸಿ ಗ್ರಂಥವಾಗಿಸುವ ಬಿಡುವು ದೊರೆಯದೆ, 1821ರ ಮೇ 8ರಂದು ಕಲ್ಕತ್ತೆಯ ಬಳಿ ಹೂಗ್ಲಿ ನದಿಯ ಮೇಲೆ ದೋಣಿಯಲ್ಲಿಯೇ ಮರಣ ಹೊಂದಿದನು. ಕಂಪನಿಯು ಆತನ ವಿಧವೆಗೆ 10,000 ಪೌಂಡು ಕೊಟ್ಟು ಸಂಗ್ರಹವನ್ನು ಕೊಂಡಿತು. ಕೆಲವು ಭಾಗ ಲಂಡನ್ನಿಗೆ ಹೋಯಿತು. ದಕ್ಷಿಣದ ಭಾಷೆಗಳ ಬಹುಪಾಲು ಕಾಗದಗಳು ಮದರಾಸಿಗೆ ಮರಳಿದವು.

ಶತಮಾನಕ್ಕೂ ಮೀರಿ ಆ ಕಟ್ಟುಗಳು ಇಲ್ಲಿಯೇ ಇದ್ದವು. 1994ರಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ‘ಕರ್ನಾಟಕದ ಕೈಫಿಯತ್ತುಗಳು’ ಎಂಬ ಸಂಪುಟವನ್ನು ಅಚ್ಚು ಹಾಕಿಸಿತು.